ಕರಿಮದ್ದಿನ ರೈಫಲ್ ಶುರು ಮಾಡೋರಿಗೆ: ತುಂಬೋದು, ಹೊಡೆಯೋದು, ತೊಳೆಯೋದು

ನಳಿಗೆ ಬಾಯಿಂದ ಮದ್ದು ತುಂಬೋ ರೈಫಲ್, ಅಂದ್ರೆ ಮಜಲ್‌ಲೋಡರ್ ಬಗ್ಗೆ ಹೊಸಬರು ಮೊದ್ಲು ಕೇಳೋದು ಎಷ್ಟು ದೂರ ಹೊಡಿಯತ್ತೆ, ಎಷ್ಟು ಒದೆ ಕೊಡತ್ತೆ ಅಂತ. ಆದ್ರೆ ಈ ರೈಫಲ್ ನಿಜವಾಗ್ಲೂ ಅರ್ಥ ಆಗ್ಬೇಕಂದ್ರೆ ಕೇಳ್ಬೇಕಾದ ಪ್ರಶ್ನೆ ಬೇರೆ, ಹೊಡೆದ ಮೇಲೆ ನಳಿಗೆ ಒಳಗೆ ಏನು ಉಳ್ಕೊಳತ್ತೆ ಅನ್ನೋದು. ಪೆಟ್ಲುಪ್ಪು, ಇದ್ದಿಲು, ಗಂಧಕ ಈ ಮೂರರ ಮಿಶ್ರಣ ಈ ಕರಿಮದ್ದು, ಇದು ಉರಿದಾಗ ಪೂರ್ತಿ ಗ್ಯಾಸ್ ಆಗಲ್ಲ, ತೂಕದ ಲೆಕ್ಕದಲ್ಲಿ ಅರ್ಧಕ್ಕಿಂತ ಹೆಚ್ಚು ಘನವಾಗೇ ಉಳಿಯತ್ತೆ. ಅದ್ರಲ್ಲಿ ಸ್ವಲ್ಪ ಆ ದಪ್ಪ ಬಿಳಿ ಹೊಗೆಯಾಗಿ ಹೊರಗೆ ಹೋಗತ್ತೆ, ಉಳಿದಿದ್ದು ನಳಿಗೆ ಗೋಡೆಗೆ ಮಸಿಯಾಗಿ ಅಂಟ್ಕೊಳತ್ತೆ. ಗುಂಡಿಗೆ ಬಟ್ಟೆ ಯಾಕೆ ಸುತ್ತೋದು, ಬಟ್ಟೆಗೆ ಜಿಡ್ಡು ಯಾಕೆ, ಈಡಿಗೂ ಈಡಿಗೂ ನಡುವೆ ಯಾಕೆ ಒರೆಸ್ತಾರೆ, ಎಷ್ಟೇ ಸುಸ್ತಾಗಿದ್ರೂ ಅದೇ ದಿನ ಯಾಕೆ ತೊಳಿಲೇಬೇಕು, ಹೆಚ್ಚುಕಮ್ಮಿ ಎಲ್ಲಕ್ಕೂ ಉತ್ತರ ಈ ಮಸಿನೇ.

ಇನ್ನೊಂದು ವಿಷ್ಯ ಮೊದ್ಲೇ ಹೇಳ್ಬಿಡ್ತೀನಿ. ತೋಟೆ ಹಾಕೋ ರೈಫಲ್‌ನಲ್ಲಿ ಮದ್ದು, ಗುಂಡು, ಕಿಡಿ ಮೂರನ್ನೂ ಫ್ಯಾಕ್ಟರಿಯವರು ಅಳತೆ ಮಾಡಿ ಒಂದೇ ಡಬ್ಬಿಲಿ ಸೇರಿಸಿ ಕೊಟ್ಟಿರ್ತಾರೆ. ಇಲ್ಲಿ ಆ ಕೆಲಸ ಪ್ರತಿ ಈಡಿಗೂ ನೀವೇ ಮಾಡೋದು, ನಳಿಗೆನೇ ನಿಮ್ಮ ತೋಟೆ. ಹಾಗಾಗಿ ಒಂದು ಈಡು ಇನ್ನೊಂದರ ಥರಾನೇ ಬೀಳ್ಬೇಕಂದ್ರೆ ನೀವು ತುಂಬೋ ರೀತಿನೂ ಪ್ರತಿ ಸಲ ಒಂದೇ ಥರ ಇರ್ಬೇಕು. ಇದನ್ನ ಇಷ್ಟಪಡೋರು ಇಷ್ಟಪಡೋದೇ ಈ ಕಾರಣಕ್ಕೆ, ನಾನೂ ಅವರಲ್ಲೊಬ್ಬ. ಇನ್ನು ಕಾನೂನು ದೇಶದಿಂದ ದೇಶಕ್ಕೆ ತುಂಬಾ ಬೇರೆ ಇದೆ, ಕೆಲವು ಕಡೆ ಹಳೇ ಮಾದರಿ ಅಂತ ವಿನಾಯಿತಿ ಇದೆ, ಕೆಲವು ಕಡೆ ಬೇರೆ ಬಂದೂಕಿನ ಹಾಗೇ ಲೈಸೆನ್ಸ್ ಬೇಕು, ಮದ್ದು ಇಟ್ಕೊಳ್ಳೋಕೆ ಬೇರೆನೇ ನಿಯಮ ಇರ್ಬಹುದು. ದುಡ್ಡು ಕೊಡೋ ಮುಂಚೆ ನಿಮ್ಮಲ್ಲಿ ಏನಿದೆ ಅಂತ ನೋಡ್ಕೊಳ್ಳಿ, ಸಾಧ್ಯ ಆದ್ರೆ ಒಂದು ಕ್ಲಬ್ ಸೇರ್ಕೊಂಡು ಅನುಭವ ಇರೋರ ಪಕ್ಕ ನಿಂತು ಕಲೀರಿ, ಮೊದಲ ಈಡನ್ನ ಒಬ್ಬರೇ ಹೊಡಿಯೋ ಆಸೆ ಬೇಡ.

ಯಾವ ಥರದ್ದು ತಗೋಬೇಕು? ಕಿಡಿ ಹತ್ತೋ ರೀತಿ ಮೇಲೆ ಇವತ್ತು ಸಿಗೋದು ಮುಖ್ಯವಾಗಿ ಮೂರು. ಚಕಮಕಿ ಕಲ್ಲು ಉಕ್ಕಿಗೆ ಬಡಿದು ಕಿಡಿ ಬರೋ ಫ್ಲಿಂಟ್‌ಲಾಕ್, 17ನೇ ಶತಮಾನದ ಶುರುವಲ್ಲಿ ಬಂದು ಎರಡು ಶತಮಾನ ಬಳಕೆಲಿದ್ದಿದ್ದು ಇದೇ. ಆಮೇಲೆ ಕೇಪು, ಅಂದ್ರೆ ಸಿಡಿಯೋ ರಾಸಾಯನಿಕ ತುಂಬಿದ ಪುಟ್ಟ ಲೋಹದ ಟೋಪಿ ಬಂತು. 1807ರಲ್ಲಿ ಅಲೆಕ್ಸಾಂಡರ್ ಫಾರ್ಸಿತ್ ಅನ್ನೋ ಸ್ಕಾಟ್ಲೆಂಡಿನ ಪಾದ್ರಿ, ಪೆಟ್ಟು ಬಿದ್ರೆ ಸಿಡಿಯೋ ರಾಸಾಯನಿಕದಿಂದ ಬೆಂಕಿ ಹಚ್ಚೋದಕ್ಕೆ ಪೇಟೆಂಟ್ ತಗೊಂಡ್ರು, ಅದ್ರಿಂದ ಬೆಳೆದು ಬಂದಿದ್ದು ಕೇಪಿನ ರೈಫಲ್. ಮೂರನೇದು ಇನ್‌ಲೈನ್, ಕೇಪು ಅಥವಾ ಪ್ರೈಮರ್ ನಳಿಗೆ ಹಿಂದೆ ನೇರಕ್ಕೇ ಕೂತಿರತ್ತೆ, 1985ರಲ್ಲಿ ಟೋನಿ ನೈಟ್ ತಂದ ಎಂಕೆ-85 ಆದ್ಮೇಲೆ ಇದು ಬೇಟೆಗಾರರಲ್ಲಿ ಜೋರಾಗಿ ಹಬ್ಬಿತು. ನನ್ನ ಅಭಿಪ್ರಾಯ ಕೇಳಿದ್ರೆ ಕಲಿಯೋಕೆ ಪಕ್ಕದಲ್ಲಿ ಕುದುರೆ ಇರೋ, ಅಂದ್ರೆ ಹ್ಯಾಮರ್ ಇರೋ ಸಾದಾ ಕೇಪಿನ ರೈಫಲ್ಲೇ ಸರಿ, ಪಾಯಿಂಟ್ 50 ಕ್ಯಾಲಿಬರ್, ಅಂದ್ರೆ ಅರ್ಧ ಇಂಚಿನ ನಳಿಗೆ. ಗುಂಡು, ಬಟ್ಟೆ, ಬಿಡಿಭಾಗ ಎಲ್ಲ ಈ ಅಳತೆಗೆ ಸುಲಭವಾಗಿ ಸಿಗತ್ತೆ, ಒದೆನೂ ತಡ್ಕೊಳ್ಳೋ ಹಾಗಿರತ್ತೆ. ಮನೇಲಿ ಗೋಡೆಗೆ ನೇತು ಹಾಕಿರೋ ತಾತನ ಕಾಲದ ಕೋವಿನ ಮಾತ್ರ ಗನ್‌ಸ್ಮಿತ್ ಹತ್ರ ತೋರಿಸ್ದೆ ಹೊಡಿಲೇಬೇಡಿ. ಒಳಗೆ ತುಕ್ಕು ಎಷ್ಟು ತಿಂದಿದೆ ಅನ್ನೋದು ಹೊರಗಿಂದ ಗೊತ್ತಾಗಲ್ಲ, ಎಷ್ಟೋ ಹಳೇ ಕೋವಿಗಳಲ್ಲಿ ಯಾರೋ ಯಾವಾಗ್ಲೋ ತುಂಬಿಟ್ಟ ಈಡು ಹಾಗೇ ಕೂತಿರತ್ತೆ, ಆ ಮದ್ದು ಒಣಗಿದ್ರೆ ಇವತ್ತಿಗೂ ಸಿಡಿಯತ್ತೆ.

ಈಗ ಮದ್ದಿನ ಮಾತು, ಇಲ್ಲಿ ಸ್ವಲ್ಪ ನಿಧಾನಕ್ಕೆ ಓದಿ. ಮಜಲ್‌ಲೋಡರ್‌ಗೆ ಹೊಗೆರಹಿತ ಮದ್ದು, ಅಂದ್ರೆ ಈಗಿನ ತೋಟೆಗಳಲ್ಲಿರೋ ಸ್ಮೋಕ್‌ಲೆಸ್ ಪೌಡರ್ ಯಾವತ್ತೂ ಹಾಕಬಾರದು, ಒಂದು ಚಿಟಿಕೆ ಬೆರೆಸೋದೂ ಬೇಡ. 1884ರಲ್ಲಿ ಫ್ರಾನ್ಸಿನ ಪಾಲ್ ವಿಯೆಯ್ ಕಂಡುಹಿಡಿದ ಆ ನೈಟ್ರೋಸೆಲ್ಯುಲೋಸ್ ಮದ್ದು ಅಳತೆಗೆ ಅಳತೆ ಹಾಕಿದ್ರೆ ಕರಿಮದ್ದಿಗಿಂತ ಎಷ್ಟೋ ಪಟ್ಟು ಒತ್ತಡ ಹುಟ್ಟಿಸತ್ತೆ, ನಳಿಗೆ ಸೀಳಿ ಕೈ, ಕಣ್ಣು, ಜೀವ ಹೋಗತ್ತೆ. ಬಣ್ಣ ಕಪ್ಪಗಿದೆ ಅಂತ ನಂಬೋ ಹಾಗಿಲ್ಲ, ಸ್ಮೋಕ್‌ಲೆಸ್ ಮದ್ದೂ ಕಪ್ಪಗೇ ಕಾಣತ್ತೆ. ಕಂಪನಿ ಡಬ್ಬಿಲೇ ಇರೋ, ಲೇಬಲ್ ಸರಿಯಾಗಿರೋ ಮದ್ದು ಮಾತ್ರ ಬಳಸಿ, ಇನ್ನೊಬ್ಬರು ಬಾಟಲಿಗೆ ಸುರಿದು ಕೊಟ್ಟಿದ್ದು ಬೇಡ, ಮನೇಲಿ ಮಾಡೋಕೆ ಹೋಗೋದಂತೂ ಬೇಡವೇ ಬೇಡ.

ಡಬ್ಬಿ ಮೇಲೆ ಎಫ್ ಅಕ್ಷರಗಳು ಇರ್ತವೆ, ಅವು ಕಾಳಿನ ಗಾತ್ರ ಹೇಳೋದು. ಎಫ್ ಜಾಸ್ತಿ ಇದ್ದಷ್ಟೂ ಕಾಳು ಸಣ್ಣ, ಕಾಳು ಸಣ್ಣ ಇದ್ದಷ್ಟೂ ಬೇಗ ಉರಿಯತ್ತೆ. ಪಾಯಿಂಟ್ 50 ಮತ್ತು ಅದಕ್ಕಿಂತ ದೊಡ್ಡ ರೈಫಲ್‌ಗೆ ಸಾಮಾನ್ಯವಾಗಿ 2ಎಫ್, ಪಾಯಿಂಟ್ 45 ಮತ್ತು ಕೆಳಗಿನದಕ್ಕೆ, ಪಿಸ್ತೂಲುಗಳಿಗೆ 3ಎಫ್, ಫ್ಲಿಂಟ್‌ಲಾಕಿನ ಹೊರಗೆ ಕಿಡಿ ಬೀಳೋ ಪುಟ್ಟ ಬಟ್ಟಲಿಗೆ 4ಎಫ್. ಅಳತೆ ಗ್ರೇನ್ ಲೆಕ್ಕದಲ್ಲಿ, ಒಂದು ಗ್ರಾಂಗೆ ಸುಮಾರು 15.4 ಗ್ರೇನ್. ಹೊಸಬರಿಗೆ ಗೊಂದಲ ಆಗೋದು ಇಲ್ಲೇ: ಕರಿಮದ್ದನ್ನ ರೂಢಿಲಿ ತೂಕ ಹಾಕಲ್ಲ, ಗ್ರೇನ್ ಗುರುತು ಇರೋ ಹಿತ್ತಾಳೆ ಅಳತೆ ಕೊಳವೆಲಿ ತುಂಬಿ ಅಳೀತಾರೆ. ಪೈರೋಡೆಕ್ಸ್, ಟ್ರಿಪಲ್ ಸೆವೆನ್ ಥರದ ಬದಲಿ ಮದ್ದುಗಳು ಕರಿಮದ್ದಿಗಿಂತ ಹಗುರ, ಅವನ್ನ ಈ ಕೊಳವೆಲೇ ಅಳೀಬೇಕು, ತಕ್ಕಡಿಲಿ ಕರಿಮದ್ದಿನಷ್ಟೇ ತೂಗಿ ಹಾಕಿದ್ರೆ ಈಡು ಜಾಸ್ತಿ ಆಗೋಗತ್ತೆ. ಟ್ರಿಪಲ್ ಸೆವೆನ್ ಅಂತೂ ಕೊಳವೆ ಅಳತೆಲೂ ಕರಿಮದ್ದಿಗಿಂತ ಚುರುಕು, ಅದನ್ನ ಇನ್ನೂ ಕಮ್ಮಿನೇ ಹಾಕ್ಬೇಕು, ಡಬ್ಬಿ ಮೇಲೆ ಬರೆದಿದ್ದನ್ನ ಓದಿ. ಎಷ್ಟರಿಂದ ಶುರು ಮಾಡೋದು ಅಂದ್ರೆ ಹಳಬರ ಒಂದು ಲೆಕ್ಕ ಇದೆ, ಕ್ಯಾಲಿಬರ್ ಎಷ್ಟೋ ಅಷ್ಟು ಗ್ರೇನ್, ಪಾಯಿಂಟ್ 50ಕ್ಕೆ 50 ಗ್ರೇನ್. ಇದನ್ನೂ ನಿಮ್ಮ ರೈಫಲ್ಲಿನ ಮ್ಯಾನ್ಯುಯಲ್ ಜೊತೆ ತಾಳೆ ನೋಡಿ, ಅದ್ರಲ್ಲಿ ಹೇಳಿರೋ ಗರಿಷ್ಠ ಅಳತೆನ ದಾಟೋ ಮಾತೇ ಇಲ್ಲ.

ಗುಂಡು ಮೆತ್ತಗಿನ ಶುದ್ಧ ಸೀಸದ್ದಾಗಿರ್ಬೇಕು. ಪಾಯಿಂಟ್ 50 ನಳಿಗೆಗೆ ಹಾಕೋ ದುಂಡು ಗುಂಡು ಸಾಮಾನ್ಯವಾಗಿ ಪಾಯಿಂಟ್ 490, ಅಂದ್ರೆ ನಳಿಗೆಗಿಂತ ಒಂದು ಕೂದಲು ಸಣ್ಣ. ಆ ಸಂದು ತುಂಬೋದು ಜಿಡ್ಡು ಹಚ್ಚಿದ ಹತ್ತಿ ಬಟ್ಟೆ, ಇಂಚಿನ ಸಾವಿರದಲ್ಲಿ 15ರಿಂದ 18 ಭಾಗದಷ್ಟು ದಪ್ಪ. ನಳಿಗೆ ಒಳಗಿನ ತಿರುಚು ಗೀರುಗಳನ್ನ ಹಿಡ್ಕೊಂಡು ಗುಂಡನ್ನ ತಿರುಗಿಸೋದು ಈ ಬಟ್ಟೆನೇ, ಸೀಸ ನೇರವಾಗಿ ಗೀರಿಗೆ ತಾಗೋದೇ ಇಲ್ಲ ಅನ್ನಬಹುದು. ಸಿಂಥೆಟಿಕ್ ಬಟ್ಟೆ ಕರಗಿ ಅಂಟತ್ತೆ, ಬೇಡ. ರೈಫಲ್ ತಗೊಳ್ಳೋವಾಗ ಟ್ವಿಸ್ಟ್ ಕೇಳಿ. 66 ಇಂಚಿಗೆ ಒಂದು ಸುತ್ತು ಇರೋ ನಿಧಾನದ ತಿರುಚು ದುಂಡು ಗುಂಡಿಗೆ ಹೇಳಿ ಮಾಡ್ಸಿದ್ದು, 28 ಇಂಚಿಗೆ ಒಂದು ಸುತ್ತು ಇರೋದು ಉದ್ದ ಗುಂಡಿಗೆ, 48ರದ್ದು ಎರಡಕ್ಕೂ ನಡುವೆ. ಎಷ್ಟೋ ಜನ ತಿರುಚು ನೋಡ್ದೆ ತಗೊಂಡು ಆಮೇಲೆ ದುಂಡು ಗುಂಡು ಗುರಿಗೆ ಬೀಳ್ತಿಲ್ಲ ಅಂತ ರೈಫಲ್ಲನ್ನ ಬೈತಾರೆ.

ಸಾಮಾನು ಇನ್ನೇನು ಬೇಕು ಅಂದ್ರೆ ಗುಂಡನ್ನ ನಳಿಗೆ ತಳಕ್ಕೆ ತಳ್ಳೋ ಉದ್ದ ಕೋಲು, ಅಂದ್ರೆ ಗಟ್ಟಿ ಗಜ, ಗುಂಡನ್ನ ಬಾಯೊಳಗೆ ಇಳಿಸೋಕೆ ಶಾರ್ಟ್ ಸ್ಟಾರ್ಟರ್, ಕೇಪು ಕೂರೋ ನಿಪ್ಪಲ್ ಬಿಚ್ಚೋ ಸ್ಪ್ಯಾನರ್, ಅದರ ತೂತು ಚುಚ್ಚೋಕೆ ತೆಳ್ಳನೆ ತಂತಿ, ಒರೆಸೋ ಬಟ್ಟೆ ಹಿಡಿಯೋಕೆ ಗಜದ ತುದಿಗೆ ಹಾಕೋ ಜ್ಯಾಗ್, ಒಳಗೆ ಬಿಟ್ಟೋದ ಬಟ್ಟೆ ತೆಗೆಯೋ ಸುರುಳಿ ಕೊಕ್ಕೆ, ಗುಂಡು ಕಚ್ಚಿ ಎಳೆಯೋ ಬಾಲ್ ಪುಲ್ಲರ್. ಕನ್ನಡಕ, ಕಿವಿಗೆ ರಕ್ಷಣೆ ಬೇಕೇ ಬೇಕು, ಕೇಪಿನ ಚೂರು ಪಕ್ಕಕ್ಕೆ ಸಿಡಿಯತ್ತೆ.

ತುಂಬೋ ಕ್ರಮಕ್ಕೆ ಬರೋಣ. ಎಲ್ಲಕ್ಕಿಂತ ಮೊದ್ಲು ನಳಿಗೆ ಖಾಲಿ ಇದೆಯಾ ಅಂತ ಗಜದಿಂದ ನೋಡಿ. ಖಾಲಿ ನಳಿಗೆ ತಳಕ್ಕೆ ಗಜ ಮುಟ್ಟಿದಾಗ ಬಾಯಿ ಮಟ್ಟಕ್ಕೆ ಗಜದ ಮೇಲೆ ಒಂದು ಗುರುತು ಹಾಕಿ, ಆಮೇಲೆ ನಿಮ್ಮ ಈಡು ತುಂಬಿದಾಗ ಎಲ್ಲಿ ನಿಲ್ಲತ್ತೋ ಅಲ್ಲಿ ಇನ್ನೊಂದು. ಈ ಎರಡು ಗೆರೆ ನಿಮ್ಮ ಜೀವ ಉಳಿಸೋ ಗೆರೆಗಳು, ತುಂಬಿದೆಯೋ ಇಲ್ವೋ, ಗುಂಡು ಪೂರ್ತಿ ಇಳಿದಿದೆಯೋ ಇಲ್ವೋ, ತಪ್ಪಿ ಎರಡು ಈಡು ಹಾಕಿದೀವೋ ಎಲ್ಲ ಒಂದೇ ನೋಟಕ್ಕೆ ಹೇಳ್ತವೆ. ಆಮೇಲೆ ಒಳಗಿನ ಎಣ್ಣೆ ಒಣಬಟ್ಟೆಲಿ ಒರೆಸಿ, ರೈಫಲ್ಲನ್ನ ಗುರಿ ಕಡೆಗೇ ಹಿಡಿದು ಮದ್ದಿಲ್ಲದೆ ಒಂದೆರಡು ಕೇಪು ಹೊಡೀರಿ, ತೂತಲ್ಲಿರೋ ಎಣ್ಣೆ ಸುಟ್ಟೋಗಿ ದಾರಿ ತೆರೆಯತ್ತೆ. ನಳಿಗೆ ಬಾಯಿ ಹತ್ರ ಒಂದು ಹುಲ್ಲುಕಡ್ಡಿ ಇದ್ರೆ ಅದು ಅಲ್ಲಾಡೋದು ಕಾಣತ್ತೆ, ಹಾಗೆ ಅಲ್ಲಾಡಿದ್ರೆ ದಾರಿ ಸಾಫ್.

ಈಗ ಹಿಡಿಕೆ ನೆಲಕ್ಕೆ ಊರಿ, ಬಾಯಿ ನಿಮ್ಮ ಮುಖದಿಂದ ಆಚೆ ಇರ್ಲಿ. ಮದ್ದನ್ನ ಮೊದ್ಲು ಅಳತೆ ಕೊಳವೆಗೆ ಹಾಕಿ, ಕೊಳವೆಯಿಂದ ನಳಿಗೆಗೆ ಸುರೀರಿ. ಡಬ್ಬಿಯಿಂದಾಗ್ಲಿ ಫ್ಲಾಸ್ಕಿಂದಾಗ್ಲಿ ನೇರವಾಗಿ ಸುರಿಬಾರದು, ಯಾಕಂದ್ರೆ ಹಿಂದಿನ ಈಡಿನ ಒಂದು ಕೆಂಡದ ಚೂರು ತಳದಲ್ಲಿ ಉಳಿದಿದ್ರೆ ಕೊಳವೆಲಿರೋ 50 ಗ್ರೇನ್ ಹತ್ಕೊಳ್ಳೋದಕ್ಕೂ ಕೈಯಲ್ಲಿರೋ ಇಡೀ ಡಬ್ಬಿ ಹತ್ಕೊಳ್ಳೋದಕ್ಕೂ ಎಷ್ಟು ವ್ಯತ್ಯಾಸ ಅಂತ ನೀವೇ ಯೋಚ್ನೆ ಮಾಡಿ. 1971ರಲ್ಲಿ ಶುರುವಾದ ಎಂಎಲ್‌ಎಐಸಿ ಅನ್ನೋ ಅಂತರರಾಷ್ಟ್ರೀಯ ಮಜಲ್‌ಲೋಡರ್ ಸಂಸ್ಥೆಯ ಸ್ಪರ್ಧೆಗಳಲ್ಲಿ ಒಂದೊಂದು ಈಡಿನ ಮದ್ದನ್ನ ಮೊದ್ಲೇ ಅಳೆದು ಬೇರೆಬೇರೆ ಸಣ್ಣ ಸೀಸೆಲಿ ತರ್ಬೇಕು ಅನ್ನೋ ನಿಯಮ ಇರೋದೂ ಇದಕ್ಕೇ. ಮನೇಲೇ ಅಳೆದು ಹಾಗೆ ಸೀಸೆಗಳಲ್ಲಿ ಒಯ್ಯೋ ಅಭ್ಯಾಸ ಮೊದಲ ದಿನದಿಂದಲೇ ಮಾಡ್ಕೊಳ್ಳಿ, ಸುರಕ್ಷಿತವೂ ಹೌದು, ಅಳತೆನೂ ಒಂದೇ ಥರ ಬರತ್ತೆ.

ಮದ್ದು ಸುರಿದ್ಮೇಲೆ ನಳಿಗೆನ ಕೈಯಿಂದ ಎರಡು ತಟ್ಟು ತಟ್ಟಿ. ಜಿಡ್ಡು ಹಚ್ಚಿದ ಬಟ್ಟೆನ ಬಾಯಿ ಮೇಲೆ ಹಾಸಿ, ಗುಂಡಿಟ್ಟು, ಸ್ಟಾರ್ಟರಿಂದ ಒಂದು ಏಟು ಕೊಟ್ಟು ಒಳಗಿಳಿಸಿ, ಆಮೇಲೆ ಗಜ. ಗಜನ ತುದೀಲಿ ಹಿಡ್ಕೊಂಡು ಒಂದೇ ಸಲ ಒತ್ಬೇಡಿ, ಮರದ್ದಾದ್ರೆ ಮುರಿದು ಅಂಗೈಗೆ ನಾಟತ್ತೆ, ಬಾಯಿ ಹತ್ರ ಹಿಡಿದು ಗೇಣುಗೇಣು ಇಳಿಸ್ತಾ ಹೋಗಿ. ಗುಂಡು ಮದ್ದಿನ ಮೇಲೆ ಗಟ್ಟಿಯಾಗಿ ಕೂತಿರ್ಬೇಕು, ನಡುವೆ ಖಾಲಿ ಜಾಗ ಉಳಿದ್ರೆ ಒತ್ತಡ ಅಲ್ಲಿ ಏರಿ ನಳಿಗೆ ಉಬ್ಬತ್ತೆ ಇಲ್ಲಾ ಸೀಳತ್ತೆ. ಹಾಗಂತ ಗಜದಿಂದ ದಬದಬ ಕುಟ್ಟೋದೂ ಬೇಡ, ಕಾಳು ಪುಡಿ ಆಗತ್ತೆ, ಗುಂಡು ಚಪ್ಪಟೆ ಆಗತ್ತೆ, ಪ್ರತಿ ಸಲ ಒಂದೇ ಒತ್ತು ಸಾಕು. ಗೆರೆ ನೋಡಿ, ಗಜ ಹೊರಗೆ ತೆಗೀರಿ, ಹೊಡೆಯೋ ಜಾಗಕ್ಕೆ ಬಂದು ನಳಿಗೆ ಗುರಿ ಕಡೆ ತಿರುಗಿಸಿದ ಮೇಲೆ ಮಾತ್ರ ಕೇಪು. ಕೇಪು ಯಾವಾಗ್ಲೂ ಕೊನೇಲಿ.

ಹೊಡೆಯೋವಾಗ ಒಂದು ವಿಷ್ಯ ಹೊಸಬರನ್ನ ಕಾಡತ್ತೆ. ಕುದುರೆ ಬೀಳೋದು, ಕೇಪು ಸಿಡಿಯೋದು, ಮದ್ದು ಹತ್ತೋದು, ಗುಂಡು ಹೊರಡೋದು, ಇಷ್ಟಕ್ಕೆ ಈಗಿನ ರೈಫಲ್‌ಗಿಂತ ಸ್ವಲ್ಪ ಹೆಚ್ಚು ಹೊತ್ತು ಹಿಡಿಯತ್ತೆ, ಫ್ಲಿಂಟ್‌ಲಾಕಲ್ಲಂತೂ ಕಣ್ಣ ಮುಂದೇನೇ ಬುಸ್ ಅಂತ ಬೆಂಕಿ ಬೇರೆ. ಟ್ರಿಗರ್ ಎಳೆದ ತಕ್ಷಣ ತಲೆ ಎತ್ತಿ ನೋಡಿದ್ರೆ ಗುಂಡು ಎಲ್ಲೋ ಹೋಗತ್ತೆ. ಹೊಗೆ ಬರೋವರೆಗೂ, ಬಂದ ಮೇಲೂ ಸ್ವಲ್ಪ ಹೊತ್ತು ಗುರಿ ಮೇಲೇ ಕಣ್ಣಿಟ್ಟು ಅಲ್ಲಾಡದೇ ನಿಲ್ಲಿ. ಟ್ರಿಗರ್ ಎಳೆದ್ರೂ ಈಡು ಹಾರದೇ ಹೋದ್ರೆ ಅದು ತಡವಾಗಿ ಹೊತ್ಕೊಳ್ಳೋ ಸಾಧ್ಯತೆ ಇದ್ದೇ ಇರತ್ತೆ, ಹಾಗಾಗಿ ನಳಿಗೆನ ಗುರಿ ಕಡೆಗೇ ಹಿಡಿದು ಪೂರ್ತಿ ಒಂದು ನಿಮಿಷ ಕಾಯಿರಿ, ಬಾಯೊಳಗೆ ಬಗ್ಗಿ ನೋಡೋದು, ಪಕ್ಕದವರಿಗೆ ತೋರಿಸೋಕೆ ತಿರುಗಿಸೋದು ಎಂಥಾ ಸಂದರ್ಭದಲ್ಲೂ ಬೇಡ. ಆಮೇಲೆ ತೂತು ತಂತಿಯಿಂದ ಚುಚ್ಚಿ ಹೊಸ ಕೇಪು ಹಾಕಿ ನೋಡಿ. ಮದ್ದೇ ಹಾಕದೆ ಗುಂಡಿಳಿಸಿಬಿಡೋದು ಎಲ್ಲರಿಗೂ ಒಂದಲ್ಲ ಒಂದಿನ ಆಗೋದೇ, ಆಗ ಬಾಲ್ ಪುಲ್ಲರಿಂದ ಎಳೀಬಹುದು ಇಲ್ಲಾ ಗ್ಯಾಸ್ ಕಾರ್ಟ್ರಿಜ್ ಹಾಕಿ ಗುಂಡು ಹೊರಗೆ ತಳ್ಳೋ ಉಪಕರಣ ಬಳಸಬಹುದು, ಅದನ್ನೂ ಗುರಿ ಕಡೆಗೇ ತಿರುಗಿಸಿ.

ಶುರುವಿಗೆ 25 ಗಜ ದೂರ ಸಾಕು, ಅಲ್ಲಿ ಗುಂಡುಗಳು ಒಂದೇ ಕಡೆ ಗುಂಪಾಗಿ ಬೀಳೋಕೆ ಶುರುವಾದ್ರೆ 50ಕ್ಕೆ ಹೋಗಿ. ದುಂಡು ಗುಂಡು ಗಾಳೀಲಿ ಬೇಗ ವೇಗ ಕಳ್ಕೊಳತ್ತೆ, ನೂರು ಗಜ ದಾಟಿದ ಮೇಲೆ ಅದು ಪರಿಣತರ ಆಟ. ಮತ್ತೆ ಒಂದು ಅಭ್ಯಾಸ ಮಾತ್ರ ಬಿಡ್ಬೇಡಿ: ರೇಂಜಲ್ಲಿ ಎಲ್ಲರೂ ಹೊಡೆಯೋದು ನಿಲ್ಲಿಸಿದ ಮೇಲೆ ಮುಂದೆ ಹೋಗಿ ಬಿದ್ದಿರೋ ಬಟ್ಟೆ ಚೂರುಗಳನ್ನ ಆರಿಸ್ಕೊಂಡು ಬನ್ನಿ. ನಳಿಗೆ ಒಳಗೆ ಏನಾಯ್ತು ಅನ್ನೋದಕ್ಕೆ ಅದಕ್ಕಿಂತ ಒಳ್ಳೇ ಸಾಕ್ಷಿ ಇಲ್ಲ. ನಡುವೆ ದುಂಡಗೆ ಮಸಿ, ಸುತ್ತ ಗೀರುಗಳ ಅಚ್ಚು, ಅಂಚು ಸ್ವಲ್ಪ ಎಳೆ ಬಿಟ್ಟಿದೆ, ಬಟ್ಟೆ ಗಟ್ಟಿ ಇದೆ ಅಂದ್ರೆ ಎಲ್ಲ ಸರಿ ಇದೆ. ನಡುವೆ ಸುಟ್ಟು ತೂತಾಗಿದ್ರೆ ಜಿಡ್ಡು ಸಾಲ್ದು, ಬಟ್ಟೆ ತೆಳ್ಳಗಾಯ್ತು ಇಲ್ಲಾ ಮದ್ದು ಜಾಸ್ತಿ. ಚಾಕುವಲ್ಲಿ ಕೊಯ್ದ ಹಾಗೆ ಗೀಟು ಇದ್ರೆ ಹೊಸ ನಳಿಗೆಯ ಗೀರುಗಳ ಅಂಚು ಅಥವಾ ಬಾಯಿ ಅಂಚು ಚೂಪಾಗಿದೆ. ಮದ್ದನ್ನ ಐದೈದು ಗ್ರೇನ್ ಏರಿಸ್ತಾ, ಒಂದೇ ಸಲಕ್ಕೆ ಒಂದೇ ವಿಷಯ ಬದಲಾಯಿಸ್ತಾ ಹೋಗಿ, ಗುಂಪು ಎಲ್ಲಿ ಚಿಕ್ಕದಾಗತ್ತೋ ಅದೇ ನಿಮ್ಮ ರೈಫಲ್ಲಿನ ಅಳತೆ. ಎಷ್ಟೋ ಸಲ ಅದು ಗರಿಷ್ಠಕ್ಕಿಂತ ಬಹಳ ಕೆಳಗೇ ಸಿಗತ್ತೆ.

ಹೊಡೀತಾ ಹೋದ ಹಾಗೆ ಗಜ ಬಿಗಿಯಾಗ್ತಾ ಬರತ್ತೆ, ಅದು ಮಸಿ ಕಟ್ತಿರೋ ಸೂಚನೆ. ಬಲ ಹಾಕಿ ತಳ್ಳೋದು ಉತ್ತರ ಅಲ್ಲ, ಅರ್ಧಕ್ಕೆ ಸಿಕ್ಕಾಕ್ಕೊಂಡ್ರೆ ಮೊದ್ಲು ಹೇಳಿದ ಖಾಲಿ ಜಾಗದ ಅಪಾಯ. ಸ್ವಲ್ಪ ತೇವ ಮಾಡಿದ ಬಟ್ಟೆಲಿ ಒಂದು ಸಲ ಒಳಗೆ ಹೊರಗೆ ಎಳೆದು, ಹಿಂದೆನೇ ಒಣಬಟ್ಟೆ ಹಾಕಿ. ತೇವ ಅಂದ್ರೆ ತೇವ ಅಷ್ಟೇ, ನೀರು ತೊಟ್ಟಿಕ್ಕಿ ಬುಡಕ್ಕೆ ಇಳಿದ್ರೆ ಮುಂದಿನ ಈಡು ಹತ್ತಲ್ಲ. ಪ್ರತಿ ಈಡಿಗೂ ಹೀಗೆ ಒರೆಸೋರು ಇದಾರೆ, ನಾನಂತೂ ಅದೇ ಸರಿ ಅನ್ನೋನು, ಪ್ರತಿ ಗುಂಡೂ ಒಂದೇ ಥರದ ನಳಿಗೆಯಿಂದ ಹೊರಡತ್ತೆ, ಉಳಿದ ಕೆಂಡವೂ ಆರತ್ತೆ. ಜಿಡ್ಡಿನ ವಿಷಯದಲ್ಲಿ ನಿಜವಾದ ಕರಿಮದ್ದಿಗೆ ಪೆಟ್ರೋಲಿಯಂ ಎಣ್ಣೆ, ಗ್ರೀಸು ಹೊಂದಲ್ಲ, ಶಾಖಕ್ಕೆ ಮಸಿ ಜೊತೆ ಸೇರಿ ಟಾರಿನ ಥರ ಗಟ್ಟಿ ಪದರ ಕಟ್ಟತ್ತೆ. ಜೇನುಮೇಣ, ಪ್ರಾಣಿ ಕೊಬ್ಬು, ಆಲಿವ್ ಎಣ್ಣೆ ಇಂಥವು ಮಸಿನ ಮೆತ್ತಗೆ ಇಡ್ತವೆ.

ಇನ್ನು ತೊಳೆಯೋದು. ಈ ಮಸಿಲಿ ಪೊಟ್ಯಾಸಿಯಂ ಕಾರ್ಬೊನೇಟು, ಸಲ್ಫೇಟು, ಸಲ್ಫೈಡು ಇವೆಲ್ಲ ಇರತ್ತೆ, ಎಲ್ಲ ಲವಣಗಳೇ, ತೊಳೆಯೋವಾಗ ಬರೋ ಕೊಳೆತ ಮೊಟ್ಟೆ ವಾಸನೆ ಆ ಸಲ್ಫೈಡಿಂದು. ಈ ಲವಣ ಗಾಳೀಲಿರೋ ತೇವ ಹೀರ್ಕೊಂಡು ಕಬ್ಬಿಣವನ್ನ ತಿನ್ನೋಕೆ ಶುರು ಮಾಡತ್ತೆ, ರಾತ್ರಿ ಬಿಟ್ರೆ ಬೆಳಗ್ಗೆಗೆ ಕೆಂಪು ತುಕ್ಕು ಕಾಣ್ಬಹುದು. ಒಳ್ಳೇ ಸುದ್ದಿ ಏನಂದ್ರೆ ಲವಣ ಆದ್ದರಿಂದ ನೀರಲ್ಲಿ ಸುಲಭವಾಗಿ ಕರಗತ್ತೆ, ಇದಕ್ಕೆ ಈಗಿನ ಬಂದೂಕಿನ ದುಬಾರಿ ಸಾಲ್ವೆಂಟ್‌ಗಿಂತ ನೀರು, ಎರಡು ಹನಿ ಪಾತ್ರೆ ತೊಳೆಯೋ ಸೋಪೇ ವಾಸಿ. ಮೊದ್ಲು ಈಡಿಲ್ಲ ಅಂತ ಖಾತ್ರಿ ಮಾಡ್ಕೊಂಡು, ನಳಿಗೆ ಹಿಡಿಕೆಯಿಂದ ಬಿಚ್ಚೋ ಹಾಗಿದ್ರೆ ಬಿಚ್ಚಿ, ನಿಪ್ಪಲ್ ಕಳಚಿ, ಬುಡನ ಬಕೆಟ್ ನೀರಲ್ಲಿ ಇಟ್ಟು, ಜ್ಯಾಗಿಗೆ ಬಟ್ಟೆ ಸುತ್ತಿ ಮೇಲೆ ಕೆಳಗೆ ಎಳೀರಿ, ಪಂಪಿನ ಹಾಗೆ ನೀರು ತೂತಿಂದ ಒಳಗೆ ಹೋಗಿ ಬರತ್ತೆ. ನೀರು ಕಪ್ಪಗಾದ್ರೆ ಬದಲಾಯಿಸಿ, ತಿಳಿ ಬರೋವರೆಗೂ. ಕುದಿಯೋ ನೀರೇ ಬೇಕು ಅಂತ ಹಳಬರು ಹೇಳ್ತಾರೆ, ಬೇಗ ಒಣಗತ್ತೆ ಅನ್ನೋದು ನಿಜ, ಆದ್ರೆ ಅಷ್ಟು ಬಿಸಿಗೆ ಬರೀ ಕಬ್ಬಿಣದ ಮೇಲೆ ಕಣ್ಮುಚ್ಚಿ ತೆಗೆಯೋದ್ರೊಳಗೆ ತೆಳು ತುಕ್ಕು ಬರೋದೂ ಉಂಟು. ಬೆಚ್ಚಗಿನ ನೀರು ಸಾಕು ಅನ್ನೋದು ನನ್ನ ಪಕ್ಷ. ನಳಿಗೆ ಬಿಚ್ಚೋಕಾಗದ ರೈಫಲ್ ಆದ್ರೆ ತೂತಿಗೆ ಬಿರಟೆ ಹಾಕಿ, ಸ್ವಲ್ಪ ನೀರು ತುಂಬಿ ಕುಲುಕಿ ಚೆಲ್ಲಿ, ಮರ ನೆನೆಯದ ಹಾಗೆ ಸುತ್ತ ಬಟ್ಟೆ ಕಟ್ಕೊಳ್ಳಿ.

ಆಮೇಲೆ ಒಣಬಟ್ಟೆ ಒಂದಾದ್ಮೇಲೊಂದು, ಬಟ್ಟೆ ಒಣಗೇ, ಬೆಳ್ಳಗೇ ಹೊರಗೆ ಬರೋವರೆಗೂ. ಬುಡದ ಮೂಲೆ, ನಿಪ್ಪಲ್ ಕೂರೋ ದಾರ ಇವೆರಡು ಕಡೆ ಜನ ಮರೀತಾರೆ, ತುಕ್ಕು ಶುರುವಾಗೋದೂ ಅಲ್ಲೇ. ಪೂರ್ತಿ ಒಣಗಿದ ಮೇಲೆ ತುಕ್ಕು ತಡೆಯೋ ಎಣ್ಣೆಯ ತೆಳು ಪದರ, ಈ ಹಂತದಲ್ಲಿ ಪೆಟ್ರೋಲಿಯಂ ಎಣ್ಣೆನೂ ಆಗತ್ತೆ, ಮುಂದಿನ ಸಲ ಹೊಡೆಯೋ ಮುಂಚೆ ಪೂರ್ತಿ ಒರೆಸಿದ್ರೆ ಸಾಕು. ಲಾಕನ್ನೂ, ಅಂದ್ರೆ ಕುದುರೆ ಬೀಳಿಸೋ ಯಂತ್ರದ ಭಾಗವನ್ನೂ ಆಗಾಗ ಬಿಚ್ಚಿ ಒಳಗೆ ನುಗ್ಗಿರೋ ಮಸಿ ಒರೆಸಿ ಒಂದು ಹನಿ ಎಣ್ಣೆ ಬಿಡಿ. ಕೈಗೆ ಮಸಿ ಜೊತೆ ಸೀಸನೂ ಅಂಟಿರತ್ತೆ, ಊಟಕ್ಕೆ ಮುಂಚೆ ಸೋಪ್ ಹಾಕಿ ತೊಳೀರಿ.

ಫ್ಲಿಂಟ್‌ಲಾಕ್ ತಗೊಂಡೋರಿಗೆ ಇಷ್ಟು ಸೇರಿಸ್ತೀನಿ. ಕಲ್ಲನ್ನ ತೊಗಲಿನ ತುಂಡಲ್ಲಿ ಸುತ್ತಿ ಬಿಗಿ ಮಾಡಿ, ಅಂಚು ಉಕ್ಕಿನ ಮುಖಕ್ಕೆ ಸಮವಾಗಿ ತಾಗ್ಬೇಕು, ಮೊಂಡಾದ್ರೆ ಅಂಚನ್ನ ಸಣ್ಣಗೆ ತಟ್ಟಿ ಹರಿತ ಮಾಡಿ. ಬಟ್ಟಲಿಗೆ ಮದ್ದು ಜಾಸ್ತಿ ಹಾಕಿದಷ್ಟೂ ಬೇಗ ಹತ್ತತ್ತೆ ಅನ್ನೋದು ತಪ್ಪು ಕಲ್ಪನೆ, ಮದ್ದು ತೂತು ಮುಚ್ಚಿದ್ರೆ ಅದು ಬತ್ತಿಯ ಹಾಗೆ ಒಂದೊಂದೇ ಕಾಳು ಉರ್ಕೊಂಡು ಒಳಗೆ ಹೋಗ್ಬೇಕಾಗತ್ತೆ, ತಡ ಆಗತ್ತೆ. ತೂತಿಗೆ ಕಾಳು ಮುಚ್ಕೊಳ್ಳದ ಹಾಗೆ ಕಮ್ಮಿ ಮದ್ದು ಹಾಕಿ, ಬೆಂಕಿಯ ಜ್ವಾಲೆ ನೇರ ಒಳಗೆ ಹಾರ್ಬೇಕು. ಬದಲಿ ಮದ್ದುಗಳು ಹತ್ಕೊಳ್ಳೋಕೆ ಹೆಚ್ಚು ಶಾಖ ಬೇಕಾದ್ದರಿಂದ ಫ್ಲಿಂಟ್‌ಲಾಕ್‌ಗೆ ನಿಜವಾದ ಕರಿಮದ್ದೇ ಸರಿ. ಮತ್ತೆ ಪಕ್ಕದಲ್ಲಿ ಯಾರೂ ನಿಂತಿರಬಾರದು, ತೂತಿಂದ ಬೆಂಕಿ ಅಡ್ಡಕ್ಕೆ ಚಿಮ್ಮತ್ತೆ.

ಮದ್ದಿನ ಡಬ್ಬಿನ ತಂಪಾದ, ಒಣ ಜಾಗದಲ್ಲಿ, ಮಕ್ಕಳ ಕೈಗೆ ಸಿಗದ ಹಾಗೆ ಬೀಗ ಹಾಕಿ, ಕೇಪುಗಳಿಂದ ದೂರ ಇಡಿ. ಹೊಡೆಯೋವಾಗ್ಲೂ ಮುಚ್ಚಳ ಹಾಕಿ ಹಿಂದೆ ಇಟ್ಟಿರಿ, ಹತ್ತಿರ ಬೀಡಿ ಸಿಗರೇಟು ಬರಬಾರದು. ರೈಫಲ್ಲನ್ನ ಈಡು ತುಂಬಿಟ್ಟು ಯಾವತ್ತೂ ಎತ್ತಿಡಬೇಡಿ. ಎತ್ತಿಡೋವಾಗ ಬಾಯಿ ಕೆಳಗೆ ಮಾಡಿ ನಿಲ್ಲಿಸಿದ್ರೆ ಎಣ್ಣೆ ಬುಡಕ್ಕೆ ಇಳಿದು ನಿಪ್ಪಲ್ ತೂತು ಕಟ್ಟಲ್ಲ, ಹಿಡಿಕೆ ಮರಕ್ಕೂ ಇಂಗಲ್ಲ. ತೊಳೆದ ಮಾರನೇ ದಿನ ಒಂದು ಬಿಳಿ ಬಟ್ಟೆ ಹಾಕಿ ನೋಡಿ, ಒಂದು ವಾರ ಬಿಟ್ಟು ಇನ್ನೊಮ್ಮೆ. ಬಟ್ಟೆ ಕಂದು ಬಣ್ಣ ತೋರಿಸಿದ್ರೆ ಎಲ್ಲೋ ಲವಣ ಉಳಿದಿದೆ ಅಂತ, ಮತ್ತೆ ನೀರಿಂದಲೇ ಶುರು ಮಾಡಿ.